ತಲಕಾವೇರಿಯಲ್ಲಿ ಬೈಯುವ ನಾನು, ಹಾಜಿ ಅಲಿಯಲ್ಲಿ ಮಾಡಿದ್ದು

ತಲಕಾವೇರಿಯಲ್ಲಿ ಕಾವೇರಿ ಹುಟ್ಟುವ ಬ್ರಹ್ಮಕುಂಡಿಕೆ ಪಕ್ಕ ಕಿರುಚಾಡುತ್ತಾ ಸೆಲ್ಫಿ ತೆಗೆಯುವ ಟೂರಿಸ್ಟ್‌ಗಳನ್ನು ಕಂಡರೆ ನಮ್ಮ ಕೊಡಗಿನವರಿಗೆ ಮೈ ಉರಿಯುತ್ತದೆ. ನಾನೂ ಬೇಕಾದಷ್ಟು ಸಲ ಬೈದಿದ್ದೇನೆ. ಮೊನ್ನೆ ಮುಂಬೈಗೆ ಅಕ್ಕನ ಮನೆಗೆ ಹೋದಾಗ ನಾನೇ ಅಂಥ ಟೂರಿಸ್ಟ್ ಆದೆ.

ಹಾಜಿ ಅಲಿ ಇರುವುದು ವರ್ಲಿ ತೀರದಿಂದ ಸುಮಾರು ಅರ್ಧ ಕಿಲೋಮೀಟರ್ ಸಮುದ್ರದೊಳಗೆ. ಬಂಡೆ ಮೇಲೆ ಮಸೀದಿ, ದರ್ಗಾ ಎರಡೂ ಇವೆ. 1431ರಲ್ಲಿ ಕಟ್ಟಿದ್ದಂತೆ. ಹೋಗುವ ದಾರಿ ಭರತದ ಹೊತ್ತಿಗೆ ಮುಳುಗುತ್ತದೆ. ಗುಡ್ಡದವರಾದ ನಮಗೆ ಸಮುದ್ರದ ಲೆಕ್ಕ ಎಲ್ಲಿ ಗೊತ್ತು? ಭಾವನೇ ಇಳಿತದ ಸಮಯ ನೋಡಿ ಕರೆದುಕೊಂಡು ಹೋದರು.

ಚಪ್ಪಲಿ ಬಿಟ್ಟೆ, ತಲೆಗೆ ಕರವಸ್ತ್ರ ಕಟ್ಟಿದೆ. ಅಲ್ಲಿಗೆ ಮರ್ಯಾದೆಯ ಬಾಬ್ತು ಮುಗಿಯಿತು ಅಂದುಕೊಂಡೆ. ಒಬ್ಬರು ನಮಾಜಿಗೆ ನಿಂತಿದ್ದರು. ಬಿಳಿ ಗೋಡೆ, ಆಚೆ ಸಮುದ್ರ, ಒಳ್ಳೆ ಫೋಟೋ ಅಲ್ವಾ! ಮೊಬೈಲ್ ಎತ್ತಿಕೊಂಡು ಅವರ ಎದುರಿಗೇ ಹೊರಟೆ. ಬಿಳಿ ಗಡ್ಡದ ಅಜ್ಜ ಒಬ್ಬರು ಮೆಲ್ಲಗೆ ನನ್ನ ತೋಳು ಹಿಡಿದರು. "ಬೇಟಾ, ಪೀಛೇ ಸೇ." ಮಗಾ, ಹಿಂದಿನಿಂದ ಹೋಗು ಅಂತ. ಅಷ್ಟೇ. ಬೈಯಲಿಲ್ಲ.

ನಮಾಜು ಮಾಡುವವರ ಮುಂದೆ ಅಡ್ಡ ಹಾಯಬಾರದು. ನಾಪೋಕ್ಲು ಹತ್ತಿರದ ಎಮ್ಮೆಮಾಡು ಉರೂಸಿಗೆ ಚಿಕ್ಕಂದಿನಿಂದ ಹೋದವನು ನಾನು. ಊಟ ಮಾಡಿ ಬಂದದ್ದೇ ಹೊರತು ಇಷ್ಟು ಸಣ್ಣ ವಿಷಯ ಯಾರನ್ನೂ ಕೇಳಿರಲಿಲ್ಲ. ನಾಚಿಕೆ ಆಯಿತು.

ಬಟ್ಟೆಯ ವಿಷಯ ಬಿಡಿ, ಕಂಡವರು ಹೇಳುತ್ತಾರೆ. ನನ್ನ ತಕರಾರು ನಮ್ಮ ಆತುರದ ಮೇಲೆ. ಇಪ್ಪತ್ತು ನಿಮಿಷದಲ್ಲಿ ಸ್ಪಾಟ್ ಮುಗಿಸಬೇಕು ನಮಗೆ. ಶುಕ್ರವಾರ ಮಧ್ಯಾಹ್ನ ಜುಮ್ಮಾ ನಮಾಜಿನ ಹೊತ್ತಿಗೇ ಸುತ್ತಾಡಲು ನುಗ್ಗಬೇಕಾ? ಆಜಾನ್ ಆದರೆ ಹೊರಗೆ ಸ್ವಲ್ಪ ಹೊತ್ತು ಕೂತರೆ ಏನು ಹೋಗುತ್ತದೆ? ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ವುಝೂ ಮಾಡುವ ನಲ್ಲಿಯಲ್ಲಿ ಆರಾಮಾಗಿ ಬೂಟು ತೊಳೆಯುತ್ತಿದ್ದವನನ್ನೂ ಅವತ್ತೇ ನೋಡಿದೆ. ಎಲ್ಲ ಮಸೀದಿಗಳಲ್ಲೂ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಬಾಗಿಲಲ್ಲಿ ಒಂದು ಮಾತು ಕೇಳಿದರೆ ಆಯಿತು.

ಅಕ್ಕ ಈ ಸಲ ಮಜಾರ್, ಅಂದರೆ ಒಳಗಿನ ಸಮಾಧಿಯ ಹತ್ತಿರದವರೆಗೂ ಹೋಗಿ ಬಂದಳು. ಕೆಲವು ವರ್ಷ ಹೆಂಗಸರನ್ನು ಅಲ್ಲಿಗೆ ಬಿಡುತ್ತಿರಲಿಲ್ಲ, 2016ರಲ್ಲಿ ಬಾಂಬೆ ಹೈಕೋರ್ಟ್ ಆ ನಿರ್ಬಂಧ ತೆಗೆಯಿತು. ಹೊರಗೆ ಬಂದವಳು ತುಂಬಾ ಹೊತ್ತು ಮಾತೇ ಆಡಲಿಲ್ಲ. ನಾನೂ ಕೇಳಲಿಲ್ಲ.

ಮೊಬೈಲ್ ಜೇಬಿಗೆ ಹಾಕಿ ಗೋಡೆ ಪಕ್ಕ ಕೂತೆ. ನೀರು ಏರುತ್ತಿದೆ, ಏಳು ಅಂತ ಭಾವ ಎಬ್ಬಿಸುವವರೆಗೂ.

ಮಡಿಕೇರಿಗೆ ಬಂದ ಮೇಲೆ ಅಮ್ಮ ಫೋಟೋ ತೋರಿಸು ಅಂದರು. ಇದ್ದದ್ದು ಒಂದೇ. ಅದರ ಅರ್ಧ ಭಾಗ ಆ ಅಜ್ಜನ ತೋಳು.