ಅಕ್ಷಾಂಶ ರೇಖಾಂಶಗಳ ಸಾಕ್ಷಿಯಾಗಿ

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಠ್ಯೇತರ ಚಟುವಟಿಕೆ ಸತ್ತುಹೋಗಿದೆ ಎಂದು ಗೊಣಗುವವರು ಯಾವುದಾದರೂ ಕಾಲೇಜಿಗೆ ಹೋಗಿ ಐಕ್ಯೂಎಸಿ, ಅಂದರೆ ಆಂತರಿಕ ಗುಣಮಟ್ಟ ಖಾತರಿ ಕೋಶದ ಕೊಠಡಿಯ ಬೀರು ತೆಗೆಸಿ ನೋಡಬೇಕು. ಪರಿಸರ ಸಂಘ, ರೆಡ್ ರಿಬ್ಬನ್ ಕ್ಲಬ್, ಯುವ ರೆಡ್ ಕ್ರಾಸ್, ಮತದಾರರ ಸಾಕ್ಷರತಾ ಕ್ಲಬ್, ಮಹಿಳಾ ಸಬಲೀಕರಣ ಘಟಕ, ರೋವರ್ಸ್ ಮತ್ತು ರೇಂಜರ್ಸ್, ನಮ್ಮ ರಾಜ್ಯವನ್ನು ಉತ್ತರಾಖಂಡದೊಂದಿಗೆ ಜೋಡಿ ಮಾಡಿರುವ ಏಕ ಭಾರತ ಶ್ರೇಷ್ಠ ಭಾರತ ಕ್ಲಬ್; ಒಂದೊಂದಕ್ಕೂ ಒಂದೊಂದು ಬಾಕ್ಸ್ ಫೈಲು. ಇಷ್ಟು ಸಂಘಗಳು ಇಷ್ಟು ಅನ್ಯೋನ್ಯವಾಗಿ ಬಾಳುವುದನ್ನು ನಾಡಿನಲ್ಲಿ ಬೇರೆಲ್ಲೂ ಕಾಣಲಾರಿರಿ. ಯಾವುದರಲ್ಲೂ ಭಿನ್ನಮತವಿಲ್ಲ, ಬಣವಿಲ್ಲ. ತಾನು ಯಾವ ಸಂಘದ ಸದಸ್ಯನೆಂಬುದು ಯಾವ ವಿದ್ಯಾರ್ಥಿಗೂ ತಿಳಿಯದಿರುವುದೇ ಈ ಸಾಮರಸ್ಯದ ಗುಟ್ಟು.

ಸಮೃದ್ಧಿಯ ಪುಣ್ಯವೆಲ್ಲ ನ್ಯಾಕ್‌ಗೆ ಸಲ್ಲಬೇಕು. 1994ರಲ್ಲಿ ಹುಟ್ಟಿ ಬೆಂಗಳೂರಿನ ನಾಗರಭಾವಿಯಲ್ಲಿ ನೆಲೆಸಿರುವ ಈ ಸಂಸ್ಥೆ, ಕಾಲೇಜುಗಳನ್ನು ಏಳು ಮಾನದಂಡಗಳಲ್ಲಿ ಅಳೆದು ದರ್ಜೆ ಕೊಡುತ್ತ ಬಂದಿದೆ. ಅಳೆಯುವುದು ತಪ್ಪೆಂದು ನಾನು ಹೇಳಲಾರೆ. ಆದರೆ ಅಳತೆಗೆ ದಾಖಲೆ ಬೇಕು, ದಾಖಲೆಗೆ ಫೋಟೊ ಬೇಕು, ಫೋಟೊಗೆ ಜಿಯೋಟ್ಯಾಗ್ ಬೇಕು. ಮದುವೆಗೆ ಅಗ್ನಿ ಹೇಗೋ ಸಂಘದ ಕಾರ್ಯಕ್ರಮಕ್ಕೆ ಈಗ ಅಕ್ಷಾಂಶ ರೇಖಾಂಶಗಳು ಹಾಗೆ.

ಜೂನ್ 5ರ ವಿಶ್ವ ಪರಿಸರ ದಿನವನ್ನೇ ನೋಡಿ. ಅಂದು ಮಕ್ಕಳು ಪರೀಕ್ಷೆಯಲ್ಲೋ ರಜೆಯಲ್ಲೋ ಇರುವುದೇ ಹೆಚ್ಚು. ಪರಿಸರ ಅದಕ್ಕಾಗಿ ಕಾಯುವುದಿಲ್ಲ. ಪ್ರಾಂಶುಪಾಲರು, ಐಕ್ಯೂಎಸಿ ಸಂಯೋಜಕರು, ಎನ್ನೆಸ್ಸೆಸ್ ಅಧಿಕಾರಿ, ದೈಹಿಕ ಶಿಕ್ಷಣ ನಿರ್ದೇಶಕರು ಎಲ್ಲರೂ ಸೇರಿ ಒಂದೇ ಹೊಂಗೆ ಸಸಿಯ ನೆತ್ತಿ ಹಿಡಿದು ಕ್ಯಾಮೆರಾದತ್ತ ನೋಡುತ್ತಾರೆ. ಹಿಂದೆ ಸಸಿಗಿಂತ ಹತ್ತು ಪಟ್ಟು ದೊಡ್ಡ ಫ್ಲೆಕ್ಸ್. ಪ್ಲಾಸ್ಟಿಕ್ ತ್ಯಜಿಸಿ ಎಂಬ ಕರೆ ಅದರ ಮೇಲೆ ಚೆನ್ನಾಗಿ ಮೂಡಿರುತ್ತದೆ. ಚಿತ್ರ ತೆಗೆದ ಮೊಬೈಲ್ ಆ್ಯಪ್ ತನ್ನ ನಕ್ಷೆ, ವಿಳಾಸ, ಅಕ್ಷಾಂಶ, ರೇಖಾಂಶ, ಗಂಟೆ, ನಿಮಿಷಗಳನ್ನೆಲ್ಲ ಚಿತ್ರದ ಕೆಳಭಾಗದಲ್ಲಿ ಮುದ್ರಿಸುತ್ತದೆ. ಸಸಿ ಇರುವುದೂ ಅಲ್ಲೇ. ಹೀಗಾಗಿ ಗಿಡ ನೆಟ್ಟ ಜಾಗ ದಶಮಾಂಶದ ಆರು ಸ್ಥಾನಗಳವರೆಗೆ ನಿಖರವಾಗಿ ದಾಖಲಾಗುತ್ತದೆ, ಗಿಡ ಮಾತ್ರ ಕಾಣುವುದಿಲ್ಲ. ಮುಂದಿನ ಬೇಸಿಗೆಯಲ್ಲಿ ಸ್ಥಳಕ್ಕೂ ಚಿತ್ರಕ್ಕೂ ಯಾವ ವ್ಯತ್ಯಾಸವೂ ಉಳಿಯುವುದಿಲ್ಲವಾದ್ದರಿಂದ ದಾಖಲೆ ಸುಳ್ಳೆಂದು ಯಾರೂ ಆಕ್ಷೇಪಿಸುವಂತಿಲ್ಲ.

ಜೂನ್ 21ಕ್ಕೆ ಯೋಗ, ಸೆಪ್ಟೆಂಬರ್ 24ಕ್ಕೆ ಎನ್ನೆಸ್ಸೆಸ್, ನವೆಂಬರ್ 26ಕ್ಕೆ ಸಂವಿಧಾನ, ಡಿಸೆಂಬರ್ 1ಕ್ಕೆ ಏಡ್ಸ್, ಜನವರಿ 12ಕ್ಕೆ ವಿವೇಕಾನಂದರು. ಫ್ಲೆಕ್ಸ್ ಬದಲಾಗುತ್ತದೆ, ಮುಂದಿನ ಸಾಲಿನ ಹುಡುಗಿಯರು ಬದಲಾಗುವುದಿಲ್ಲ. ಐದು ಸಂಘಗಳ ಸಂಚಾಲಕರೂ ಒಬ್ಬರೇ ಅತಿಥಿ ಉಪನ್ಯಾಸಕರು. ವರ್ಷಗಟ್ಟಲೆ ಬಂದರೂ ಅತಿಥಿಯಾಗಿಯೇ ಉಳಿಯುವ ಇವರಿಗೆ ಮುಂದಿನ ಸೆಮಿಸ್ಟರಿನ ಕೆಲಸದ ಖಾತರಿ ಇರುವುದಿಲ್ಲ, ಆದರೆ ಸಂಘಗಳ ಪಂಚವಾರ್ಷಿಕ ಮುನ್ನೋಟವನ್ನು ಬರೆದುಕೊಡುವವರು ಇವರೇ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮತದಾರರ ಸಾಕ್ಷರತಾ ಕ್ಲಬ್. ಚುನಾವಣಾ ಆಯೋಗ 2018ರಲ್ಲಿ ಇದನ್ನು ಆರಂಭಿಸಿತು. ರಾಷ್ಟ್ರೀಯ ಮತದಾರರ ದಿನವಾದ ಜನವರಿ 25ರಂದು ತಹಶೀಲ್ದಾರರೋ ಅವರ ಪ್ರತಿನಿಧಿಯೋ ಬಂದು ಬಲಗೈ ಮುಂದೆ ಚಾಚಿಸಿ ಪ್ರತಿಜ್ಞೆ ಬೋಧಿಸುತ್ತಾರೆ, ಒಂದೊಂದು ಮತದ ಬೆಲೆಯನ್ನು ವಿವರಿಸುತ್ತಾರೆ. ಕೇಳಿಸಿಕೊಳ್ಳುವವರು 1989ರಿಂದ ವಿದ್ಯಾರ್ಥಿ ಸಂಘಕ್ಕೆ ಚುನಾವಣೆಯನ್ನೇ ಕಾಣದ ರಾಜ್ಯದ ವಿದ್ಯಾರ್ಥಿಗಳು. ಹೊಡೆದಾಟಗಳಾಗುತ್ತಿದ್ದವು, ನಿಷೇಧಿಸಿದರು; ಹೊಡೆದಾಟ ನಡೆಯುತ್ತಿದ್ದುದು ಸುಳ್ಳಲ್ಲ. ಅದೇ ನ್ಯಾಯವನ್ನು ಗ್ರಾಮ ಪಂಚಾಯಿತಿಗೆ ಅನ್ವಯಿಸಿದ್ದರೆ ನಾಡಿನಲ್ಲಿ ಎಷ್ಟು ಪಂಚಾಯಿತಿಗಳು ಉಳಿಯುತ್ತಿದ್ದವೋ. ಹದಿನೆಂಟು ತುಂಬಿದ ಹುಡುಗಿ ಶಾಸಕರನ್ನು ಆರಿಸಬಹುದು, ಸಂಸದರನ್ನು ಆರಿಸಬಹುದು. ತನ್ನ ಕಾಲೇಜಿನ ಸಾಂಸ್ಕೃತಿಕ ಕಾರ್ಯದರ್ಶಿಯನ್ನು ಆರಿಸುವಷ್ಟು ಪ್ರೌಢಿಮೆ ಅವಳಿಗಿನ್ನೂ ಬಂದಿಲ್ಲ. ಆ ಹೊಣೆಯನ್ನು ಹಿಂದಿನ ಪರೀಕ್ಷೆಯ ಅಂಕಪಟ್ಟಿ ಹೊತ್ತುಕೊಂಡಿದೆ. ಚುನಾವಣೆ ಮರಳಿ ತರುವ ಮಾತು ಆಗಾಗ ವಿಧಾನಸೌಧದಿಂದ ತೇಲಿಬರುತ್ತದೆ, ತೇಲಿಕೊಂಡೇ ಹೋಗುತ್ತದೆ.

ಎನ್ನೆಸ್ಸೆಸ್‌ನ ಏಳು ದಿನಗಳ ವಾರ್ಷಿಕ ಶಿಬಿರವನ್ನು ಮಾತ್ರ ಹೀಗೆ ಆಡಿಕೊಳ್ಳಲು ನನಗೆ ಮನಸ್ಸಿಲ್ಲ. ಹಳ್ಳಿಯ ಶಾಲೆಯ ನೆಲದ ಮೇಲೆ ಮಲಗಿ, ತಾವೇ ಉಪ್ಪಿಟ್ಟು ಕೆದಕಿ, ರಾತ್ರಿ ಊರವರ ಮುಂದೆ ನಾಟಕವಾಡುವ ಮಕ್ಕಳು ಯಾವ ಫೈಲಿಗೂ ಸಿಗದ ಏನನ್ನೋ ಕಲಿತು ಬರುತ್ತಾರೆ. ಉಪ್ಪಿಟ್ಟು ಸೀದದ್ದಕ್ಕೆ ಜಿಯೋಟ್ಯಾಗ್ ಇಲ್ಲವಾದ್ದರಿಂದ ವರದಿಯಲ್ಲಿ ಅದು ಬರುವುದಿಲ್ಲ.

ಉಳಿದ ಕಾರ್ಯಕ್ರಮಗಳಿಗೆಲ್ಲ ಎದುರಾಳಿಯೆಂದರೆ ಊರಿನ ಬಸ್ಸು. ಮೂರೂವರೆಯದು ತಪ್ಪಿದರೆ ಮುಂದಿನದು ಆರೂವರೆಗೆ. ಮಧ್ಯಾಹ್ನ ಎರಡಕ್ಕೆಂದು ಅಚ್ಚಾದ ಸಮಾರಂಭಕ್ಕೆ ಮುಖ್ಯ ಅತಿಥಿಗಳು ಮೂರಕ್ಕೆ ಬಂದು, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಗಿಡಕ್ಕೆ ನೀರೆರೆಯುವುದೆಲ್ಲ ಮುಗಿಯುವ ಹೊತ್ತಿಗೆ ಸಭಾಂಗಣದ ಬಾಗಿಲಿಗೆ ಅಟೆಂಡರ್ ಕಾವಲು ನಿಂತಿರುತ್ತಾನೆ. ಹಾಜರಾತಿ ಕೊನೆಯಲ್ಲಿ. ಇಂದಿನ ಯುವಜನರು ಮೊಬೈಲಿನ ದಾಸರಾಗಿದ್ದಾರೆ ಎಂದು ಅತಿಥಿಗಳು ಮರುಗುವಾಗ ಅದನ್ನು ಮೂರು ಕೋನಗಳಿಂದ ಮೂವರು ಉಪನ್ಯಾಸಕರು ಮೊಬೈಲಿನಲ್ಲಿ ಸೆರೆಹಿಡಿಯುತ್ತಿರುತ್ತಾರೆ. ಬೆಳಗ್ಗೆ ಪೆಟ್ರೋಲ್ ಬಂಕಿನಲ್ಲಿ ದುಡಿದು ಕಾಲೇಜಿಗೆ ಬಂದ ಹುಡುಗ ಹಿಂದಿನ ಬೆಂಚಿನಲ್ಲಿ ನಿದ್ದೆ ಹೋಗಿದ್ದಾನೆ. ವರದಿಯಲ್ಲಿ ಅವನು ಫಲಾನುಭವಿ.

ನ್ಯಾಕ್ ತಂಡ ಬರುವ ಮೊದಲಿನ ವಾರ ಕಾಲೇಜಿಗೆ ಸುಣ್ಣಬಣ್ಣ, ಮಕ್ಕಳಿಗೆ ತರಬೇತಿ. ಈ ಹುಡುಗನೂ ತನ್ನ ಸಂಘದ ಹೆಸರನ್ನು ಬಾಯಿಪಾಠ ಮಾಡಿಕೊಂಡನೆನ್ನಿ. ಡೊಳ್ಳು ಕುಣಿತ, ಪೂರ್ಣಕುಂಭ ಮುಗಿಸಿ ತಂಡದ ಹಿರಿಯರೊಬ್ಬರು ಅವನ ಹೆಗಲು ಮುಟ್ಟಿ ಕೇಳುತ್ತಾರೆ:

‘ನೀನು ಯಾವ ಸಂಘದಲ್ಲಿದ್ದೀಯಪ್ಪ?’

‘ಪರಿಸರ ಸಂಘ ಸರ್.’

‘ಅಲ್ಲಿ ಏನು ಮಾಡಿದಿರಿ?’

‘ಫೋಟೊದಲ್ಲಿ ನಿಂತಿದ್ದೆವು ಸರ್.’

ಪ್ರಾಂಶುಪಾಲರ ಎದೆ ಧಸಕ್ಕೆಂದಿರುತ್ತದೆ. ಆದರೆ ಐಕ್ಯೂಎಸಿ ಸಂಯೋಜಕರು ಅನುಭವಸ್ಥರು. ಏಳನೆಯ ಮಾನದಂಡದಲ್ಲಿ ಎರಡು ಉತ್ತಮ ಆಚರಣೆಗಳನ್ನು ತೋರಿಸಬೇಕಿದ್ದು, ಅವರ ಬಳಿ ಈವರೆಗೆ ಒಂದೇ ಇತ್ತು. ‘ಸತ್ಯ ನುಡಿಯುವ ಅಭಿಯಾನ ಸರ್, ಈ ವರ್ಷದಿಂದ ಶುರು ಮಾಡಿದ್ದೇವೆ’ ಎನ್ನುತ್ತ ಹುಡುಗನನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿ ಮೊಬೈಲ್ ಎತ್ತುತ್ತಾರೆ.