ಹ್ಯಾಂಗ್ ಬಿದ್ರಿ?

ಈಗಷ್ಟೇ ಹಾಲಿನವನಿಗೆ ಹೇಳಿ ಮುಗಿಸಿದೆ. ಮೊನ್ನೆಯೂ ಅವನಿಗೆ ಹೇಳಿದ್ದೆ. ಇವತ್ತು ಜೊತೆಗೆ ಅವನ ಅಳಿಯ ಬಂದಿದ್ದ. ಅಳಿಯನಿಗಾಗಿ ಮತ್ತೆ ಮೊದಲಿನಿಂದ.

ಬಲಗಾಲಿನ ಹರಡಿನ ಹತ್ತಿರ ಎಲುಬು ಬಿರುಕು ಬಿಟ್ಟಿದೆ. ಆರು ವಾರ ಪ್ಲಾಸ್ಟರ್, ಕಾಲು ನೆಲಕ್ಕೆ ಊರುವಂತಿಲ್ಲ. ಬಿದ್ದದ್ದು ಹೀಗೆ: ನಮ್ಮ ಓಣಿಗೆ ನಳ ಬರುವುದು ನಾಲ್ಕೈದು ದಿನಕ್ಕೊಮ್ಮೆ, ಅದೂ ಬೆಳಗಿನ ಜಾವ. ಅಂಗಳದ ಶಹಾಬಾದ್ ಫರ್ಸಿ ಒದ್ದೆಯಾಗಿತ್ತು. ಕೊಡ ಎತ್ತಿಕೊಂಡು ಬಂದೆ, ಜಾರಿದೆ. ಕೊಡಕ್ಕೆ ಏನೂ ಆಗಲಿಲ್ಲ. ಇಷ್ಟೇ. ಇದರಲ್ಲಿ ಕಥೆ ಎಲ್ಲಿದೆ ಹೇಳಿ? ನಮ್ಮ ಜಿಲ್ಲೆಯ ಕಲ್ಲೇ ನನ್ನನ್ನು ಕೆಡವಿತು ಅನ್ನುವುದೊಂದು ಬಿಟ್ಟರೆ!

ಆದರೆ ಕಲಬುರಗಿಯ ಓಣಿ ಕಥೆಯಿಲ್ಲದೆ ಬಿಡುವುದಿಲ್ಲ. ಯಜಮಾನರ ಕೆಲಸ ರಾಯಚೂರಲ್ಲಿ, ಶನಿವಾರ ಬಂದು ಸೋಮವಾರ ಹೋಗುತ್ತಾರೆ. ಉಳಿದ ದಿನ ನನ್ನನ್ನು ಸಾಕುತ್ತಿರುವುದು ಓಣಿಯೇ. ಅದಕ್ಕೆ ಇಲ್ಲ ಅನ್ನಲಾರೆ. ನಳ ಬಂದರೆ ಹಿಂದಿನ ಮನೆಯ ಹುಡುಗರು ನನ್ನ ನೀರಿನ ತೊಟ್ಟಿ ತುಂಬಿಸಿ ಹೋಗುತ್ತಾರೆ. ಮಧ್ಯಾಹ್ನ ಮೂರು ಮನೆಯಿಂದ ರೊಟ್ಟಿ ಬರುತ್ತದೆ. ಒಂದು ದಿನ ಎಣಿಸಿದೆ, ಹತ್ತೊಂಬತ್ತು ರೊಟ್ಟಿ, ಮೂರು ನಮೂನೆ ಶೇಂಗಾ ಹಿಂಡಿ, ತಿನ್ನುವವಳು ನಾನೊಬ್ಬಳೇ. ಎಲುಬು ಕೂಡಲಿ ಅಂತ ಒಬ್ಬರು ಅಳವಿ ಪಾಯಸ ಮಾಡಿ ತರುತ್ತಾರೆ. ಎದುರು ಮನೆಯ ಖಾಲಾ ಮಾತ್ರ ನನ್ನನ್ನು ನೋಡಿದಾಗಲೆಲ್ಲ ನಿಟ್ಟುಸಿರು ಬಿಡುತ್ತಾರೆ. “ನೀವ್ ಕುರಿಕಾಲಿನ ಪಾಯಾ ಕುಡ್ಯಲ್ಲ. ಕುಡಿದಿದ್ರ ಎಂಟ್ ದಿನದಾಗ ಓಡ್ತಿದ್ರಿ.”

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ಆರು ವಾರದ ಪ್ಲಾಸ್ಟರ್ ಅದರಲ್ಲಿ ಬರುವುದಿಲ್ಲ. ಬರಬಾರದೂ ಹೌದು, ನನ್ನದು ವಾಸಿಯಾಗುವಂಥದ್ದು. ನನ್ನಂಥವರಿಗೆ ಸರ್ಟಿಫಿಕೇಟ್ ಕೊಡುವುದು ಓಣಿ. ಅದರ ಫೀಸು “ಹ್ಯಾಂಗ್ ಬಿದ್ರಿ?”

ಫೀಸನ್ನು ನಾನೇ ಕಟ್ಟುತ್ತಿದ್ದೆ, ಮೂಲಿಮನಿ ಕಾಕಾ ಬರುವವರೆಗೆ. ಕಾಕಾ ಅವರಿಗೆ ಎಪ್ಪತ್ತು ದಾಟಿದೆ. ಬಿದ್ದ ದಿನವೇ ವಾಕರ್ ತಂದುಕೊಟ್ಟವರು ಅವರು. ಬೆಳಿಗ್ಗೆ ಒಂಬತ್ತಕ್ಕೆ ಬಂದು ನಮ್ಮ ಕಟ್ಟೆಯ ಮೇಲೆ ಕೂತರೆ ಬಿಸಿಲು ಏರುವವರೆಗೆ ಏಳುವುದಿಲ್ಲ. ಯಾರೇ ಬಂದರೂ ನನಗಿಂತ ಮೊದಲು ಅವರೇ ಶುರು ಮಾಡುತ್ತಾರೆ.

ಮೊದಲ ವಾರ ನಾನು ಜಾರಿಯೇ ಬೀಳುತ್ತಿದ್ದೆ. ಎರಡನೇ ವಾರ ಕಥೆಯೊಳಗೆ ಒಂದು ನಾಯಿ ಬಂತು. ಕಿಟಕಿಯ ಈಚೆ ಮಂಚದ ಮೇಲೆ ಮಲಗಿದ್ದ ನನಗೆ ಹೊಸ ಸುದ್ದಿ. “ಕತ್ತಲ್ದಾಗ ಮೈಮ್ಯಾಲ ಬಂತ್ ನೋಡ್ರಿ, ಟೀಚರ್ ಕೊಡ ಮಾತ್ರ ಬಿಡ್ಲಿಲ್ಲ.” ಕೇಳಿದವರು ಹುಬ್ಬೇರಿಸಿದರು. ಬರೀ ಜಾರಿದ್ದಕ್ಕೆ ಯಾರೂ ಹುಬ್ಬೇರಿಸಿರಲಿಲ್ಲ. ಮೂರನೇ ವಾರಕ್ಕೆ ನಾಯಿಗೆ ಕಪ್ಪು ಬಣ್ಣ, ಹರಿದ ಕಿವಿ.

“ಕಾಕಾ, ನಾಯಿ ಎಲ್ಲಿತ್ತ್ರೀ?” ಅಂದೆ.

“ಇರ್ಲಿ ಬಿಡ ಯವ್ವಾ. ಬರೀ ಫರ್ಸಿ ಅಂದ್ರ ಮಂದಿ ನಗ್ತಾರ.”

ಇರಲಿ ಅಂತ ಬಿಟ್ಟೆ. ತಪ್ಪಾಯಿತು. ಮೊನ್ನೆ ಎಕ್ಸ್‌ರೇ ಇತ್ತು. ಆಟೋದಲ್ಲಿ ಜೊತೆಗೆ ಕಾಕಾ. ಅವತ್ತು ನಮ್ಮ ಡಾಕ್ಟರ್ ರಜೆ, ಬೇರೆ ಹುಡುಗ ಡಾಕ್ಟರ್ ಕೂತಿದ್ದ. “ಹೇಗೆ ಬಿದ್ದಿರಿ?” ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ, “ನಾಯಿರೀ ಸಾಹೇಬ್ರ!”

ಡಾಕ್ಟರ್ ಪೆನ್ನು ನಿಂತಿತು. “ಕಚ್ಚಿತಾ?”

“ಕಚ್ಚಲಿಕ್ಕಿ ಬಂದಿತ್ತು.”

“ಪರಚಿತಾ? ಪರಚಿದರೂ ಸೂಜಿ ಬೇಕು. 0, 3, 7, 14, 28ನೇ ದಿನ, ಒಟ್ಟು ಐದು. ಎಷ್ಟಾಗಿದೆ?” ನನ್ನ ಕಾಲಿನ ಕಡೆ ಬಗ್ಗಿ ನೋಡಿದ. “ಪ್ಲಾಸ್ಟರ್ ಒಳಗೆ ಗಾಯ ಇದೆಯಾ?”

ನನ್ನ ಬೆನ್ನಲ್ಲಿ ಬೆವರು. ನರ್ಸ್ ಕಪಾಟಿನ ಕಡೆ ನಡೆದಳು. ಕಾಕಾ ಈಗಲಾದರೂ ನಾಯಿಯನ್ನು ಬಿಟ್ಟುಕೊಡುತ್ತಾರೆ ಅಂದುಕೊಂಡೆ. ಇಲ್ಲ!

“ನಾಯಿ ಮೇಲೆ 10 ದಿನ ನಿಗಾ ಇಟ್ಟಿದ್ದೀರಾ? ಬದುಕಿದೆಯಾ?”

“ಭೇಷ್ ಅದರೀ. ನಿನ್ನಿನ ಎರಡ್ ಬಿಸ್ಕೀಟ್ ಹಾಕೀನಿ.”

ಇಲ್ಲದ ನಾಯಿಗೆ ಬಿಸ್ಕೀಟು! ಕೊನೆಗೆ ನಾನೇ ಎಲ್ಲ ಬಿಡಿಸಿ ಹೇಳಿದೆ: ನಳ, ಕೊಡ, ಫರ್ಸಿ. ಡಾಕ್ಟರ್ ನನ್ನ ಮುಖ ನೋಡಿದ, ಕಾಕಾ ಮುಖ ನೋಡಿದ. ಅವನು ನಂಬಿದ್ದು ಕಾಕಾನನ್ನು. “ಸೂಜಿಗೆ ಹೆದರಬೇಡಿ ಮೇಡಂ” ಅಂದ. ಹಳೆಯ ಚೀಟಿ ಹುಡುಕಿ, ಅದರಲ್ಲಿ ಬರೆದಿದ್ದ “ಜಾರಿ ಬಿದ್ದದ್ದು” ಅನ್ನುವ ಎರಡು ಪದ ತೋರಿಸಿದ ಮೇಲೆಯೇ ನನ್ನ ತೋಳು ಉಳಿಯಿತು.

ಆಟೋದಲ್ಲಿ ಬರುವಾಗ ನಾನು ಮಾತಾಡಲಿಲ್ಲ. ಸಿಟ್ಟು ಬಂದಿತ್ತು. ತೊಡೆಯ ಮೇಲೆ ಮಡಿಸಿಟ್ಟ ವಾಕರ್ ನೋಡುತ್ತ ಕೂತೆ. ಹಿಡಿಕೆಗೆ ಸುತ್ತಿದ ಇಳಕಲ್ ಸೀರೆಯ ಚೂರು, ಬೆವರಿಗೆ ಕರ್ರಗಾದದ್ದು. ಅದು ಕಾಕಿಯ ವಾಕರ್. ತಂದುಕೊಟ್ಟ ದಿನ ಅದರ ಕಾಲುಗಳು ತೀರಾ ಗಿಡ್ಡಕ್ಕಿದ್ದವು, ಕಾಕಿಯ ಎತ್ತರಕ್ಕೆ. ಹಿಡಿಕೆ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ನಾಲ್ಕೂ ಕಾಲಿನ ಗುಂಡಿ ಒತ್ತಿ, ಒಂದೊಂದೇ ತೂತು ಮೇಲೆ ಮಾಡಿದವರು ಕಾಕಾ. ತುಂಬ ಹೊತ್ತು ಹಿಡಿದಿತ್ತು. ತುಕ್ಕು ಅಂದಿದ್ದರು.

ಒಂದೂವರೆ ವರ್ಷ ಕಾಕಿ ಅದನ್ನು ಹಿಡಿದು ಓಡಾಡಿದರು. ನಾನು ದಿನಾ ಅವರ ಬಾಗಿಲ ಮುಂದೆಯೇ ಸ್ಕೂಲಿಗೆ ಹೋಗುತ್ತಿದ್ದೆ. “ಆರಾಮ್ರೀ ಕಾಕಿ?” ಅನ್ನುತ್ತಿದ್ದೆ, ಗಾಡಿ ನಿಲ್ಲಿಸದೆ.

“ಕಾಕಾ, ಕಾಕಿ ಹ್ಯಾಂಗ್ ಬಿದ್ದಿದ್ರೀ?”

ನಾಯಿಗೆ ಹರಿದ ಕಿವಿ ಕೊಟ್ಟ ಮನುಷ್ಯ. ಸೂಪರ್ ಮಾರ್ಕೆಟ್ ದಾಟುವವರೆಗೆ ಹೊರಗೆ ನೋಡುತ್ತಿದ್ದರು.

“ಬಿದ್ಲು” ಅಂದರು. “ಅಷ್ಟ.”

ಮರುದಿನ ಒಂಬತ್ತಾದರೂ ಕಾಕಾ ಬರಲಿಲ್ಲ. ಬೇಜಾರಾಗಿರಬೇಕು ಅಂತ ಕಿಟಕಿಯಿಂದ ನಾಲ್ಕು ಸಲ ಇಣುಕಿದೆ. ಹತ್ತಕ್ಕೆ ಪೇಪರ್ ಹಿಡಿದು ಬಂದರು, ಏನೂ ಆಗದವರ ಹಾಗೆ.

ಇದೀಗ ನೀರಿನ ಟ್ಯಾಂಕರ್ ಬಂದು ನಿಂತಿದೆ. ಡ್ರೈವರ್ ಹೊಸಬ. ವಾಕರ್ ನೋಡಿ ಕೇಳಿಯೇಬಿಟ್ಟ. ಕಾಕಾ ಗಂಟಲು ಸರಿ ಮಾಡಿಕೊಂಡರು.

“ನಸಿಕಿನ್ಯಾಗ್ರೀ, ಆ ಕಡಿಂದ ಒಂದ್ ನಾಯಿ, ಈ ಕಡಿಂದ ಒಂದ್ ನಾಯಿ...”

“ಕಾಕಾ!” ಒಳಗಿನಿಂದ ಕೂಗಿದೆ. “ಒಂದ ನಾಯಿರೀ!”