ನಿನ್ನೆ ಏನು ಮಾಡಿದಿರಿ?

ಇಂಗ್ಲಿಷ್ ಕಲಿಯಲು ಶುರು ಮಾಡಿದ ಜಪಾನಿ ಮಕ್ಕಳ ಬೇಸಿಗೆ ರಜೆ ಎಲ್ಲರದ್ದೂ ಒಂದೇ ಥರ. ಎಲ್ಲಿಗೋ ಹೋದರು, ಏನೋ ತಿಂದರು, ಏನೋ ನೋಡಿದರು, ಮಜಾ ಬಂತು. ಸುಳ್ಳೇನಲ್ಲ, ಪಾಪ. ಆರನೇ ಕ್ಲಾಸಿನ ಮಗುವಿನ ಕೈಯಲ್ಲಿರುವ ಭೂತಕಾಲ ಅಂದರೆ ವೆಂಟ್, ಏಟ್, ಸಾ, ಎಂಜಾಯ್ಡ್, ವಾಸ್, ಹೆಚ್ಚುಕಮ್ಮಿ ಇಷ್ಟೇ. ಅಜ್ಜಿ ಮನೆ ಅಂಗಳದಲ್ಲಿ ಜಾರಿ ಬಿದ್ದು ಮಂಡಿ ತರಚಿಕೊಂಡು ಊರಿಗೇ ಕೇಳುವ ಹಾಗೆ ಅತ್ತಿದ್ದರೂ, ಬೀಳುವ ಕ್ರಿಯಾಪದದ ಪಾಠ ಇನ್ನೂ ಬಂದಿಲ್ಲವಲ್ಲ, ಹಾಗಾಗಿ ಬಿದ್ದೇ ಇಲ್ಲ! ಅಜ್ಜಿ ಮನೆಗೆ ಹೋದೆ, ಕಲ್ಲಂಗಡಿ ತಿಂದೆ, ಚೆನ್ನಾಗಿತ್ತು. ಮುಗೀತು ರಜೆ.

2020ರಿಂದ ಅಲ್ಲಿ ಐದು, ಆರನೇ ಕ್ಲಾಸಿಗೆ ಇಂಗ್ಲಿಷ್ ಒಂದು ಪೂರ್ತಿ ವಿಷಯವಾಯಿತು. ಪ್ರಾಥಮಿಕ ಶಾಲೆಯಲ್ಲಿ 600ರಿಂದ 700 ಪದ, ಮುಂದಿನ ಮೂರು ವರ್ಷದಲ್ಲಿ ಇನ್ನೂ 1,600ರಿಂದ 1,800. ಚಿಕ್ಕವರಿಗೆ ವ್ಯಾಕರಣ ಅಂತ ತಲೆ ತಿನ್ನದೆ ಇಡೀ ವಾಕ್ಯವನ್ನೇ ಬಾಯಿಪಾಠ ಮಾಡಿಸುತ್ತಾರೆ. ನನಗೆ ಅದೇ ಸರಿ ಅನ್ನಿಸುತ್ತದೆ.

ತಾಪತ್ರಯ ಶುರುವಾಗುವುದು ಆಮೇಲೆ, ಗೋ-ವೆಂಟ್-ಗಾನ್ ಪಟ್ಟಿ ಬಂದಾಗ. ಅದಕ್ಕೆ ಅವರ ಹತ್ತಿರ ಸಾಮಾನು ಸರಂಜಾಮು ಬೇರೆ ಇದೆ. ಒಂದೇ ರಿಂಗಿಗೆ ಪೋಣಿಸಿದ ಪುಟ್ಟ ಪುಟ್ಟ ಕಾರ್ಡುಗಳು, ಮುಂದೆ ಇಂಗ್ಲಿಷ್, ಹಿಂದೆ ಜಪಾನಿ. ಇನ್ನೊಂದು ಕೆಂಪು ಪ್ಲಾಸ್ಟಿಕ್ ಹಾಳೆ. ಪುಸ್ತಕದಲ್ಲಿ ಉತ್ತರಗಳು ಕೆಂಪಕ್ಷರದಲ್ಲಿರುತ್ತವೆ, ಹಾಳೆ ಇಟ್ಟರೆ ಮಾಯ. ಟ್ರೇನಿನಲ್ಲಿ ನಿಂತುಕೊಂಡೇ ಹಾಳೆಯನ್ನು ಒಂದೊಂದೇ ಸಾಲು ಕೆಳಗೆ ಸರಿಸುತ್ತಾ, ಸದ್ದಿಲ್ಲದೆ ತುಟಿ ಆಡಿಸುತ್ತಾ, ಟೇಕ್, ಟುಕ್, ಟೇಕನ್. ಕಟ್, ಕಟ್, ಕಟ್ ಬಂದಾಗ ಸ್ವಲ್ಪ ಉಸಿರು. ಆಮೇಲೆ ರೀಡ್ ಬರುತ್ತದೆ, ಅದು ಬರೆಯುವಾಗ ಹಾಗೇ ಇದ್ದು ಓದುವಾಗ ಮಾತ್ರ ರೆಡ್ ಆಗುತ್ತದೆ, ಈ ಕುತಂತ್ರಕ್ಕೆ ಏನು ಹೇಳುವುದು?

ಜಪಾನಿ ಭಾಷೆಯಲ್ಲಿ ಹೀಗೆ ಅಡ್ಡದಾರಿ ಹಿಡಿಯುವ ಕ್ರಿಯಾಪದಗಳು ಅಂತ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದು ಎರಡೇ, ಬರುವುದು ಮತ್ತು ಮಾಡುವುದು. ಅಂಥವರಿಗೆ ಈ ಪಟ್ಟಿ ಅನ್ಯಾಯ ಅನ್ನಿಸಿದರೆ ಆಶ್ಚರ್ಯವಿಲ್ಲ. ನಾವು ನಗುವ ಹಾಗಿಲ್ಲ, ನಮ್ಮಲ್ಲೂ ಕೊಡು-ಕೊಟ್ಟೆ, ಬೀಳು-ಬಿದ್ದೆ ಇವೆ, ಹೊರಗಿನವರು ಕಲಿಯುವಾಗ ನಮ್ಮನ್ನೂ ಶಪಿಸುತ್ತಾರೆ. ದಿನಾ ಬಳಸುವ ಪದಗಳೇ ಜಾಸ್ತಿ ಸೊಟ್ಟ. ಎಲ್ಲರ ಬಾಯಲ್ಲೂ ಸದಾ ಇರುವುದರಿಂದ ಹಳೇ ರೂಪ ಮರೆತುಹೋಗುವುದೇ ಇಲ್ಲ, ಅಪರೂಪದವು ನಿಧಾನವಾಗಿ ಬಾಲಕ್ಕೆ '-ed' ಹಚ್ಚಿಕೊಂಡು ನೆಟ್ಟಗಾಗುತ್ತವೆ.

ಇದೆಲ್ಲ ಬಾಯಿಪಾಠ ಆದಮೇಲೂ ಪ್ರಶ್ನೆ ಕೇಳುವಾಗ ಎಡವುತ್ತಾರೆ. ಜಪಾನಿಯಲ್ಲಿ ವಾಕ್ಯ ಹೇಳಿ ಕೊನೆಗೊಂದು 'ಕಾ' ಸೇರಿಸಿದರೆ ಪ್ರಶ್ನೆ, ನಾವು 'ತಿಂದ್ರಾ' ಅಂತ ಬಾಲ ಎಳೆದ ಹಾಗೇ. ಇಂಗ್ಲಿಷಿನಲ್ಲಿ ಮಾತ್ರ ಡಿಡ್ ಮೊದಲೇ ಬಂದು ಭೂತಕಾಲವನ್ನೆಲ್ಲ ತಾನೇ ಕಿತ್ತುಕೊಳ್ಳುತ್ತದೆ. ಅಷ್ಟು ಕಷ್ಟಪಟ್ಟು ಕಲಿತ ವೆಂಟ್ ಅನ್ನು ಬಿಟ್ಟು ಮತ್ತೆ ಗೋ ಅನ್ನಬೇಕಂತೆ. ಯಾರು ಬಿಡ್ತಾರೆ? ಡಿಡ್ ಯು ವೆಂಟ್ ಅಂತ ಟೋಕಿಯೋದಲ್ಲೂ ಕೇಳುತ್ತಾರೆ, ತುಮಕೂರಿನಲ್ಲೂ ಕೇಳುತ್ತಾರೆ, ಎರಡೂ ಕಡೆ ಉತ್ತರ ಸರಿಯಾಗೇ ಸಿಗುತ್ತದೆ.